ಉಪ್ಪಿನಕಾಯಿ ಹಾಕಿದವರು ಯಾರು, ಷೇರು ಯಾರ ಹೆಸರಲ್ಲಿ?

(ವಲಸೆ ಹೋದ ಕುಟುಂಬಗಳು ಮತ್ತು ಅವರ ಊಟ-ತಿಂಡಿ ವ್ಯಾಪಾರದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1990ರ ದಶಕದಲ್ಲಿ ಪೇಪರ್ ಓದುತ್ತಿದ್ದವರಿಗೆ ಲಖುಭಾಯಿ ಪಾಠಕ್ ಅನ್ನುವ ಹೆಸರು ನೆನಪಿರಬಹುದು. ಇಂಗ್ಲೆಂಡಿನ 'ಉಪ್ಪಿನಕಾಯಿ ದೊರೆ' ಅಂತ ಪೇಪರಿನವರು ಕರೆಯುತ್ತಿದ್ದರು. ತಾಂತ್ರಿಕ ಚಂದ್ರಾಸ್ವಾಮಿ ತಮಗೆ ಒಂದು ಲಕ್ಷ ಡಾಲರ್ ಮೋಸ ಮಾಡಿದರು ಎಂದು ದೂರು ಕೊಟ್ಟವರು ಇವರೇ. ಆ ಕೇಸಿನಲ್ಲಿ ಪಿ.ವಿ. ನರಸಿಂಹರಾಯರ ಹೆಸರೂ ಬಂದು ದೊಡ್ಡ ಗದ್ದಲವಾಯಿತು. 2003ರಲ್ಲಿ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ಲಖುಭಾಯಿ ತೀರಿಹೋಗಿದ್ದರು.

ಆ ಕೇಸು ನನಗೆ ಬೇಡ. ಅದೇ ಮನೆಯ ಇನ್ನೊಂದು ಕೇಸು ಬೇಕು. ಅದು ಲಂಡನ್ನಿನ ಹೈಕೋರ್ಟಿನಲ್ಲಿ ನಡೆಯಿತು. ಅಮ್ಮ-ಮಕ್ಕಳ ನಡುವೆ ನಡೆದ ಕೇಸು. ನಮ್ಮಲ್ಲಿ ಅದರ ಸುದ್ದಿ ಅಷ್ಟಾಗಿ ಆಗಲಿಲ್ಲ. ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡಿದವಳು ನಾನು. ಅಡುಗೆಯ ಬಗ್ಗೆ ಮಾತಾಡಿ ಅಂತ ಕರೆದರೂ ಕಣ್ಣು ಪಾಲುಪತ್ರದ ಕಡೆಗೇ ಹೋಗುತ್ತದೆ. ಸಹಿಸಿಕೊಳ್ಳಿ.

ಮೊದಲು ಆ ಮನೆಯ ಕತೆ. ಲಖುಭಾಯಿಯ ಪೂರ್ತಿ ಹೆಸರು ಲಕ್ಷ್ಮೀಶಂಕರ ಪಾಠಕ್. ಗುಜರಾತಿನವರು. ಎಳೆಯ ವಯಸ್ಸಿನಲ್ಲೇ ಕೀನ್ಯಾಕ್ಕೆ ಹೋದರು. ಆಗ ಅದೂ ಬ್ರಿಟಿಷರ ಕೈಯಲ್ಲಿದ್ದ ದೇಶ. ಗುಜರಾತಿನಿಂದ ಪೂರ್ವ ಆಫ್ರಿಕಾಕ್ಕೆ ಅಂಗಡಿ ಇಡಲು ಹೋಗುವುದು ಆ ಕಾಲದಲ್ಲಿ ನಮ್ಮ ಕರಾವಳಿಯವರು ಮುಂಬೈಗೆ ಹೋದಷ್ಟೇ ಸಾಮಾನ್ಯವಾಗಿತ್ತು. 1950ರ ದಶಕದಲ್ಲಿ ಅಲ್ಲಿ ಮಾವ್ ಮಾವ್ ಬಂಡಾಯ ಎದ್ದಿತು. ಮುಂದೇನು ಅಂತ ಯಾರಿಗೂ ತಿಳಿಯದ ದಿನಗಳು. 1956ರಲ್ಲಿ ಪಾಠಕ್ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಬ್ರಿಟನ್ನಿಗೆ ಬಂದರು. ಜೇಬಿನಲ್ಲಿ ಇದ್ದದ್ದು 5 ಪೌಂಡು ಅಂತ ಆ ಮನೆಯವರು ಹೇಳುತ್ತಾರೆ. ಇಂಥ ಕತೆಗಳಲ್ಲಿ ಜೇಬಿನ ದುಡ್ಡು ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ, ಇರಲಿ.

ಸಿಕ್ಕಿದ ಕೆಲಸ ಚರಂಡಿ ಶುಚಿ ಮಾಡುವುದು. ಬೇರೆ ಯಾರೂ ಕೆಲಸ ಕೊಡಲಿಲ್ಲ. ಆಗ ಗಂಡ-ಹೆಂಡತಿ ಸೇರಿ ಕೆಂಟಿಶ್ ಟೌನಿನ ಸಣ್ಣ ಅಡುಗೆಮನೆಯಲ್ಲೇ ಸಮೋಸಾ, ಸಿಹಿತಿಂಡಿ ಮಾಡಿ ಮಾರಲು ಶುರು ಮಾಡಿದರು. ಲಂಡನ್ನಿನಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ಭಾರತೀಯರೇ ಗಿರಾಕಿಗಳು. ಸರಕು ತಲುಪಿಸುವುದು ಬಸ್ಸಿನಲ್ಲಿ. ಅಮ್ಮನಿಗೆ ಇಂಗ್ಲಿಷ್ ಬಾರದು. ಹಾಗಾಗಿ ಆರು ವರ್ಷದ ಮಗ ಕಿರಿಟ್ ಜೊತೆಗೆ ಹೋಗಿ ಕಂಡಕ್ಟರಿಗೆ ಎಲ್ಲಿ ಇಳಿಯಬೇಕು ಅಂತ ಹೇಳುತ್ತಿದ್ದನಂತೆ. ಸ್ವಲ್ಪ ದುಡ್ಡು ಕೂಡಿದ ಮೇಲೆ ಯೂಸ್ಟನ್ ರೈಲು ನಿಲ್ದಾಣದ ಹತ್ತಿರ ಡ್ರಮಂಡ್ ಸ್ಟ್ರೀಟಿನಲ್ಲಿ ಒಂದು ಅಂಗಡಿ ಹಿಡಿದರು. ಇವತ್ತಿಗೂ ಆ ಬೀದಿಯಲ್ಲಿ ಭೇಲ್‌ಪುರಿ, ದೋಸೆ, ಮಿಠಾಯಿ ಸಿಗುತ್ತದೆ.

ಬೋರ್ಡಿನಲ್ಲಿ ಹೆಸರನ್ನು 'ಪಟಾಕ್ಸ್' ಅಂತ ಮೊಟಕು ಮಾಡಿದರು. ಇಂಗ್ಲಿಷರ ನಾಲಿಗೆಗೆ ಸುಲಭವಾಗಲಿ ಅಂತ. ಮಸಾಲೆ ವಾಸನೆ ಅಂತ ಅಕ್ಕಪಕ್ಕದವರು ತಕರಾರು ಮಾಡಿದ್ದಕ್ಕೆ ಅಡುಗೆ ಕೆಲಸವನ್ನು ಊರಾಚೆಗೆ, ನಾರ್ಥಾಂಪ್ಟನ್‌ಶೈರಿನ ಒಂದು ಹಳೆಯ ಗಿರಣಿಗೆ ಸಾಗಿಸಬೇಕಾಯಿತು. ಅಂದಹಾಗೆ, ವಾಸನೆಯ ತಕರಾರು ಇಲ್ಲದ ವಲಸೆ ಹೋಟೆಲಿನ ಕತೆ ಒಂದನ್ನೂ ನಾನು ಓದಿಲ್ಲ.

ಈ ವ್ಯಾಪಾರ ದೊಡ್ಡದಾದದ್ದು ಹೇಗೆ? ಎರಡು ಕಾರಣ ಇದೆ.

ಒಂದು, 1972. ಉಗಾಂಡಾದ ಈದಿ ಅಮೀನ್ ಏಷ್ಯಾದವರೆಲ್ಲ 90 ದಿನದಲ್ಲಿ ದೇಶ ಬಿಡಬೇಕು ಅಂದ. ಸುಮಾರು 27,000 ಜನ ಬ್ರಿಟನ್ನಿಗೆ ಬಂದರು. ಅವರಲ್ಲಿ ಬಹಳ ಮಂದಿಯನ್ನು ಹಳೆಯ ಸೇನಾ ಶಿಬಿರಗಳಲ್ಲಿ ಇಳಿಸಿದರು. ಅಲ್ಲಿ ಕೊಡುತ್ತಿದ್ದ ಬೇಯಿಸಿದ ಆಲೂಗಡ್ಡೆ ಎಷ್ಟು ದಿನ ಅಂತ ಗಂಟಲಲ್ಲಿ ಇಳಿದೀತು? ಆ ಶಿಬಿರಗಳಿಗೆ ನಮ್ಮ ಕಡೆಯ ಊಟದ ಸಾಮಾನು ಒದಗಿಸುವ ಕೆಲಸ ಪಾಠಕರಿಗೆ ಸಿಕ್ಕಿತು. ಮುಂದೆ ಅದೇ ನಿರಾಶ್ರಿತರು ಬ್ರಿಟನ್ನಿನ ಊರೂರಿನಲ್ಲಿ ದಿನಸಿ ಅಂಗಡಿ ಇಟ್ಟರು. ಇಟ್ಟ ಅಂಗಡಿಗೆ ಯಾರ ಉಪ್ಪಿನಕಾಯಿ ತರಿಸುತ್ತಾರೆ? ಶಿಬಿರದಲ್ಲಿ ತಿಂದದ್ದನ್ನೇ ಅಲ್ವಾ? ಒಬ್ಬ ವಲಸಿಗನ ವ್ಯಾಪಾರ ನಿಂತದ್ದು ಇನ್ನೊಂದು ವಲಸೆಯ ಮೇಲೆ.

ಎರಡನೆಯದು ಮಸಾಲೆ ಪೇಸ್ಟು. ಇದು ನನಗೆ ಬಹಳ ಇಷ್ಟವಾದ ಭಾಗ. ಕುಟ್ಟಿದ ಮಸಾಲೆ ಪುಡಿ ದಿನ ಕಳೆದಂತೆ ಘಮ ಕಳೆದುಕೊಳ್ಳುತ್ತದೆ. ನಮ್ಮ ಅಜ್ಜಿಯಂದಿರು ಸಾರಿನ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುತ್ತಿದ್ದದ್ದು ಅದಕ್ಕೇ. ಉಪ್ಪಿನಕಾಯಿ ಹಾಗಲ್ಲ. ಎಣ್ಣೆ, ಉಪ್ಪು, ಹುಳಿ ಸೇರಿ ಅದನ್ನು ವರ್ಷಗಟ್ಟಲೆ ಕಾಯುತ್ತವೆ. ಉಪ್ಪಿನಕಾಯಿಯ ಈ ಗುಟ್ಟನ್ನು ಪಲ್ಯ-ಸಾಂಬಾರಿನ ಮಸಾಲೆಗೂ ಯಾಕೆ ಹಾಕಬಾರದು ಅಂತ ಅವರು ಯೋಚಿಸಿದರು. ಮಸಾಲೆಯನ್ನು ಎಣ್ಣೆಯಲ್ಲಿ ಹುರಿದು, ಹುಳಿ ಸೇರಿಸಿ, ಡಬ್ಬಿಗೆ ತುಂಬಿದರು. ಬ್ರಿಟನ್ನಿನ 'ಇಂಡಿಯನ್' ಹೋಟೆಲುಗಳಲ್ಲಿ ಬಹುಪಾಲು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅವರಿಗೆ ಇದು ವರವಾಯಿತು. ಇವತ್ತು ಅಡುಗೆಯವನು ರಜೆ ಹಾಕಿದರೂ ಸಾರಿನ ರುಚಿ ನಿನ್ನೆಯ ಹಾಗೇ ಇರುತ್ತದೆ. ಆಮೇಲೆ ಅದೇ ಪೇಸ್ಟು ಸಣ್ಣ ಬಾಟಲಿಯಲ್ಲಿ ಇಂಗ್ಲಿಷರ ಅಡುಗೆಮನೆಗೂ ಹೋಯಿತು. ಲ್ಯಾಂಕಾಶೈರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

ಈ ಹೊತ್ತಿಗೆ ಚುಕ್ಕಾಣಿ ಕಿರಿಟ್ ಕೈಗೆ ಬಂದಿತ್ತು. ಹದಿಹರೆಯದಲ್ಲೇ, ಓದು ಬಿಟ್ಟು, ಸಾಲದಲ್ಲಿದ್ದ ಅಂಗಡಿಗೆ ಬಂದವರು ಅವರು. ಹೆಂಡತಿ ಮೀನಾ ಮುಂಬೈಯಲ್ಲಿ ಹೋಟೆಲ್ ನಿರ್ವಹಣೆ ಓದಿ ಬಂದವರು. ಹೊಸ ರುಚಿಗಳನ್ನು ಕೂರಿಸಿದ್ದು ಅವರೇ. ಮುಂದೆ ಟೀವಿಯಲ್ಲಿ, ಅಡುಗೆ ಪುಸ್ತಕಗಳಲ್ಲಿ ಕಂಪನಿಯ ಮುಖವೂ ಅವರೇ ಆದರು. ಸೊಸೆಗೆ ಸಿಕ್ಕ ಮರ್ಯಾದೆ ಇದು. ಸಂತೋಷ.

ಆದರೆ ಮನೆಯಲ್ಲಿ ಆರು ಮಕ್ಕಳು. ನಾಲ್ಕು ಗಂಡು, ಎರಡು ಹೆಣ್ಣು. ಇಲ್ಲಿಂದ ನನ್ನ ಪಾಠ ಶುರು.

1970ರ ದಶಕದಲ್ಲಿ ಆ ಇಬ್ಬರು ಹೆಣ್ಣುಮಕ್ಕಳ ಹೆಸರಿನಲ್ಲೂ ಕಂಪನಿಯ ಷೇರು ಇತ್ತು. 1980ರ ದಶಕದ ಕೊನೆಯಲ್ಲಿ ಅವು ಗಂಡುಮಕ್ಕಳ ಕೈ ಸೇರಿದವು. ಹೇಗೆ ಸೇರಿದವು ಅನ್ನುವುದೇ ಜಗಳ. ಹೆಣ್ಣುಮಕ್ಕಳು ಕೋರ್ಟಿನಲ್ಲಿ ಹೇಳಿದ್ದು ಇಷ್ಟು: ನಮ್ಮ ಷೇರನ್ನು ಅಮ್ಮನ ಹತ್ತಿರ ಜೋಪಾನಕ್ಕೆ ಕೊಟ್ಟಿದ್ದೆವು, ಅಮ್ಮ ಅದನ್ನು ಅಣ್ಣ-ತಮ್ಮಂದಿರಿಗೆ ಕೊಟ್ಟುಬಿಟ್ಟರು. ಅಮ್ಮನ ಕಡೆಯ ವಾದ: ನಮ್ಮ ಹಿಂದೂ ಪದ್ಧತಿಯಲ್ಲಿ ಮನೆಯ ವ್ಯಾಪಾರ ಗಂಡುಮಕ್ಕಳದು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಕೇಸು ತೀರ್ಪಿನವರೆಗೆ ಹೋಗಲಿಲ್ಲ. 2004ರಲ್ಲಿ ಎರಡೂ ಕಡೆಯವರು ರಾಜಿಯಾದರು. 2007ರಲ್ಲಿ ಇಡೀ ಕಂಪನಿಯನ್ನು ಅಸೋಸಿಯೇಟೆಡ್ ಬ್ರಿಟಿಷ್ ಫುಡ್ಸ್ ಕೊಂಡಿತು. ಎರಡು ತಲೆಮಾರಿಗೆ ಕುಟುಂಬದ ವ್ಯಾಪಾರ ಮುಗಿಯಿತು.

ಯಾರು ಸರಿ ಅಂತ ತೀರ್ಪು ಕೊಡಲು ನಾನು ನಿಂತಿಲ್ಲ. ಕೋರ್ಟೇ ಕೊಡಲಿಲ್ಲ. ಆದರೆ ಒಂದು ಇಸವಿ ನೋಡಿ. ಪಾಠಕ್ ದಂಪತಿ ಬ್ರಿಟನ್ನಿಗೆ ಬಂದದ್ದು 1956ರಲ್ಲಿ. ಭಾರತದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದೂ 1956ರಲ್ಲಿ. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ, ಅವನು ಸ್ವಂತವಾಗಿ ದುಡಿದ ಆಸ್ತಿಯಲ್ಲಿ ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮಪಾಲು ಅಂತ ಅದು ಹೇಳಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಹಕ್ಕು ಕರ್ನಾಟಕದಲ್ಲಿ 1994ರಲ್ಲೇ ಬಂತು. ದೇಶಕ್ಕೆಲ್ಲ 2005ರಲ್ಲಿ ಬಂತು. ಅಂದರೆ ಲಂಡನ್ನಿನ ಕೋರ್ಟಿನಲ್ಲಿ 'ನಮ್ಮ ಪದ್ಧತಿ' ಅಂತ ಹೇಳುವ ಹೊತ್ತಿಗೆ ತಾಯ್ನಾಡಿನ ಕಾನೂನು ಆ ಪದ್ಧತಿಯನ್ನು ಬಿಟ್ಟು ಎಷ್ಟೋ ದೂರ ಬಂದಿತ್ತು. ವಲಸೆ ಹೋದವರು ಊರು ಬಿಟ್ಟ ದಿನದ ಊರನ್ನೇ ಕಟ್ಟಿಕೊಂಡು ಹೋಗುತ್ತಾರೆ. ಉಪ್ಪಿನಕಾಯಿಯ ವಿಷಯದಲ್ಲಿ ಅದರಿಂದ ಒಳ್ಳೆಯದೇ ಆಗುತ್ತದೆ. ಆಸ್ತಿಯ ವಿಷಯದಲ್ಲಿ ಹಾಗಲ್ಲ.

ಈಗ ಇನ್ನೊಂದು ಅಂಗಡಿ. ನ್ಯೂಯಾರ್ಕಿನದು. ಹೆಸರು 'ರಸ್ ಅಂಡ್ ಡಾಟರ್ಸ್'. ರಸ್ ಮತ್ತು ಹೆಣ್ಣುಮಕ್ಕಳು!

ಜೋಯಲ್ ರಸ್ ಯಹೂದಿ. ಇವತ್ತಿನ ಪೋಲೆಂಡಿನಲ್ಲಿ ಬರುವ ಗಲೀಷಿಯಾದ ಸಣ್ಣ ಊರಿನವರು. 1907ರಲ್ಲಿ ಅಮೆರಿಕಕ್ಕೆ ಬಂದರು. ಮೊದಲು ಒಣಗಿಸಿದ ಅಣಬೆಯ ಸರಗಳನ್ನು ಹೆಗಲಿಗೆ ಹಾಕಿಕೊಂಡು ಮಾರಿದರು. ಆಮೇಲೆ ತಳ್ಳುಗಾಡಿ ಬಂತು. 1914ರಲ್ಲಿ ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡಿನಲ್ಲಿ ಅಂಗಡಿ. 1920ರಲ್ಲಿ ಅದು ಈಸ್ಟ್ ಹೌಸ್ಟನ್ ಸ್ಟ್ರೀಟಿಗೆ ಬಂತು. ಇವತ್ತಿಗೂ ಅಲ್ಲೇ ಇದೆ. ಉಪ್ಪು ಹಾಕಿದ ಹೆರಿಂಗ್ ಮೀನು, ಹೊಗೆಯಲ್ಲಿ ಹದ ಮಾಡಿದ ಸಾಲ್ಮನ್, ಸ್ಟರ್ಜನ್, ಕೆನೆ ಚೀಸ್. ಯಹೂದಿ ಕಟ್ಟಳೆಯಲ್ಲಿ ಮಾಂಸ ಮತ್ತು ಹಾಲನ್ನು ಒಟ್ಟಿಗೆ ಸೇರಿಸುವ ಹಾಗಿಲ್ಲ. ಹಾಗಾಗಿ ಮಾಂಸದ ಅಂಗಡಿ ಬೇರೆ, ಮೀನು ಮತ್ತು ಹಾಲಿನ ಪದಾರ್ಥದ ಅಂಗಡಿ ಬೇರೆ. ಇವರದು ಎರಡನೆಯ ಜಾತಿಯದು.

ರಸ್ ಸಿಡುಕ. ಮೀನನ್ನು ಒತ್ತಿ ನೋಡಿ, ಇನ್ನೊಂದು ಕೊಡಿ ಅನ್ನುವ ಗಿರಾಕಿಗಳ ಹತ್ತಿರ ಜಗಳಕ್ಕೇ ನಿಲ್ಲುತ್ತಿದ್ದರಂತೆ. ಅಂಗಡಿ ಉಳಿಸಿದ್ದು ಮೂವರು ಹೆಣ್ಣುಮಕ್ಕಳು: ಹ್ಯಾಟಿ, ಐಡಾ, ಆ್ಯನ್. ಚಿಕ್ಕವರಿದ್ದಾಗಲೇ ಹೆರಿಂಗ್ ಪೀಪಾಯಿಗೆ ಕೈ ಹಾಕಿ ಮೀನು ತೆಗೆದುಕೊಟ್ಟವರು. ನಗುನಗುತ್ತಾ ಮಾತಾಡುವವರು. ಶಾಲೆ ಬಿಟ್ಟ ಮೇಲೆ, ಶನಿವಾರ-ಭಾನುವಾರ ಅಂತ ಎಲ್ಲ ಹೊತ್ತೂ ಅಂಗಡಿಯಲ್ಲೇ. 1930ರ ದಶಕದಲ್ಲಿ ರಸ್ ಮೂವರನ್ನೂ ಪೂರ್ತಿ ಪಾಲುದಾರರನ್ನಾಗಿ ಮಾಡಿದರು. ಬೋರ್ಡಿನ ಮೇಲೂ ಬರೆಸಿದರು. 'ಅಂಡ್ ಸನ್ಸ್' ಅಂತ ಬರೆಯುವುದೇ ರೂಢಿಯಾಗಿದ್ದ ಬೀದಿಯಲ್ಲಿ ಇದನ್ನು ನೋಡಿ ಜನ ನಕ್ಕಿರಬೇಕು.

ಇದನ್ನು ಕೇಳಿ ರಸ್ ದೊಡ್ಡ ಸುಧಾರಕರು ಅಂತ ಅಂದುಕೊಳ್ಳಬೇಡಿ. ಅವರಿಗೆ ಗಂಡುಮಕ್ಕಳು ಇರಲಿಲ್ಲ, ಅಷ್ಟೇ. ಇದ್ದಿದ್ದರೆ ಬೋರ್ಡು ಬೇರೆಯೇ ಆಗುತ್ತಿತ್ತೇನೋ. ಆದರೆ ಲೆಕ್ಕದವರಿಗೆ ಮನಸ್ಸು ಮುಖ್ಯವಲ್ಲ, ಕಾಗದ ಮುಖ್ಯ. ಕಾಗದದ ಮೇಲೆ ಹೆಸರು ಬಂತು. ಅಳಿಯಂದಿರೂ ಅಂಗಡಿಗೆ ಬಂದು ದುಡಿದರು. ಬೋರ್ಡು ಮಾತ್ರ ಹೆಂಡತಿಯರದೇ ಆಗಿ ಉಳಿಯಿತು.

ಮೂರನೆಯ ತಲೆಮಾರಿನಲ್ಲಿ ಇನ್ನೊಂದು ತಮಾಷೆ. ಮೀನಿನ ವಾಸನೆಯಲ್ಲಿ ಬದುಕು ಕಳೆದವರಿಗೆ ಮಕ್ಕಳು ಡಾಕ್ಟರೋ ವಕೀಲರೋ ಆಗಲಿ ಅನ್ನುವ ಆಸೆ. ಆ್ಯನ್ ಅವರ ಮಗ ವಕೀಲರೇ ಆದರು. 1978ರಲ್ಲಿ ವಕೀಲಿಕೆ ಬಿಟ್ಟು ಅಂಗಡಿಗೆ ಬಂದು ನಿಂತರು. ಆಗ ಆ ಬಡಾವಣೆ ಹಾಳುಬಿದ್ದಿತ್ತು. ಹಳೆಯ ಗಿರಾಕಿಗಳೆಲ್ಲ ಬೇರೆ ಕಡೆ ಹೋಗಿ ನೆಲೆಸಿದ್ದರು. 2009ರಲ್ಲಿ ಅವರ ಮಗಳು ಮತ್ತು ಅವರ ಅಕ್ಕ-ತಂಗಿಯರ ಕಡೆಯ ಹುಡುಗ ಇಬ್ಬರೂ ವಹಿಸಿಕೊಂಡರು. ನಾಲ್ಕನೆಯ ತಲೆಮಾರು. ಅಂಗಡಿಗೆ 100 ವರ್ಷವಾದ 2014ರಲ್ಲಿ ಹತ್ತಿರದಲ್ಲೇ ಒಂದು ಕೆಫೆಯನ್ನೂ ತೆರೆದರು. ಗಲ್ಲಾದ ಹಿಂದೆ ಇವತ್ತು ಸಾಲ್ಮನ್ನನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುವವರಲ್ಲಿ ಡೊಮಿನಿಕನ್ ರಿಪಬ್ಲಿಕ್ಕಿನಿಂದ ಬಂದವರಿದ್ದಾರೆ. ದಶಕಗಟ್ಟಲೆ ಅಲ್ಲೇ ಇದ್ದು ಗಿರಾಕಿಗಳ ಹತ್ತಿರ ಯಹೂದಿಗಳ ಯಿಡ್ಡಿಶ್ ಭಾಷೆ ಮಾತಾಡುವಷ್ಟು ಪಳಗಿದ್ದಾರೆ. ಕೈಕೆಲಸ ರಕ್ತದಲ್ಲಿ ಬರುವುದಿಲ್ಲ, ನಿಂತು ಕಲಿತವರಿಗೆ ಬರುತ್ತದೆ. ಆಸ್ತಿ ಮಾತ್ರ ರಕ್ತದಲ್ಲಿ ಹೋಗುತ್ತದೆ. ಇವೆರಡೂ ಒಂದೇ ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ.

ಇನ್ನು ನಮ್ಮ ಕಡೆಗೆ ಬರೋಣ. ಮುಂಬೈಯ ಉಡುಪಿ ಹೋಟೆಲುಗಳು. ಬೇರೆ ದೇಶವಲ್ಲ ನಿಜ. ಆದರೆ ಭಾಷೆ ಬೇರೆ, ಊಟ ಬೇರೆ, ಜನ ಬೇರೆ. 1960ರ ದಶಕದ ಕೊನೆಗೆ 'ಲುಂಗಿ' ಅಂತ ಬೈದು ಹೋಟೆಲಿಗೆ ಕಲ್ಲು ಹೊಡೆದ ಕಾಲವೂ ಇತ್ತು. ವಲಸಿಗರಲ್ಲ ಅಂತ ಹೇಗೆ ಹೇಳುವುದು? ಹತ್ತು-ಹನ್ನೆರಡು ವರ್ಷದ ಹುಡುಗರು ದಕ್ಷಿಣ ಕನ್ನಡದಿಂದ ಹೋಗಿ ಲೋಟ ತೊಳೆದರು. ಹಗಲು ಹೋಟೆಲ್, ರಾತ್ರಿ ಶಾಲೆ. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಬೆಳೆದದ್ದೇ ಈ ಹುಡುಗರಿಂದ. ಮಾತುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವತ್ತಿಗೂ ಬಾಳೆಲೆ ಹಾಕಿ ಬಡಿಸುತ್ತದೆ. ಅವರೂ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಮೇಲೆ ಬಂದವರು.

ತುಳುನಾಡಿನ ಬಂಟರಲ್ಲಿ, ಇನ್ನೂ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇದೆ. ಕುಟುಂಬದ ಆಸ್ತಿ ತಾಯಿಯ ಸಾಲಿನಲ್ಲಿ ಹೋಗುತ್ತಿತ್ತು. ಮನೆಯ ಹಿರಿಯರು ಗಂಡಾಗಿರಲಿ ಹೆಣ್ಣಾಗಿರಲಿ ಯಜಮಾನಿಕೆ ಮಾಡಬಹುದಿತ್ತು. ಮುಂಬೈಯಲ್ಲಿ ಹೋಟೆಲ್ ಇಟ್ಟ ಮಾವ ಊರಿಂದ ಕರೆಸಿಕೊಳ್ಳುತ್ತಿದ್ದದ್ದು ಯಾರನ್ನು? ಅಕ್ಕನ ಮಗನನ್ನು. ಅಲ್ಲಿ ಕಲಿತ ಅಳಿಯ ಮುಂದೆ ತನ್ನದೇ ಹೋಟೆಲ್ ಇಟ್ಟ. ಹೀಗೆ ಹಬ್ಬಿತು ಆ ಜಾಲ. ಪಾಠಕರ ಮನೆಯಲ್ಲಿ 'ಪದ್ಧತಿ' ಅಂದದ್ದಕ್ಕೆ ಪೂರ್ತಿ ಉಲ್ಟಾ ಪದ್ಧತಿ, ಅದೂ ಹಿಂದೂಗಳದೇ.

ಹಾಗಿದ್ದರೂ ಮುಂಬೈಯ ಹೋಟೆಲಿನ ಗಲ್ಲಾದಲ್ಲಿ ಮಗಳು ಕೂತದ್ದನ್ನು ಎಷ್ಟು ಕಡೆ ನೋಡಿದ್ದೀರಿ? ಊರಿನ ಮನೆ, ಗದ್ದೆ ಹೆಣ್ಣಿನ ಸಾಲಿನಲ್ಲಿ ಹೋಯಿತು. ಪರವೂರಿನ ಹೋಟೆಲ್ ಗಂಡಸಿನ ಕೈಯಲ್ಲೇ ಉಳಿಯಿತು. ನನಗೆ ಕಾಣುವ ಕಾರಣ ಇಷ್ಟು. ಆರಂಭದ ದಿನಗಳಲ್ಲಿ ಹೋಟೆಲಿಗೆ ಹೋದವರು ಗಂಡುಹುಡುಗರು ಮಾತ್ರ. ಅಲ್ಲೇ ಮಲಗಿ, ಅಲ್ಲೇ ಉಂಡು, ಹೆಂಡತಿ-ಮಕ್ಕಳನ್ನು ಊರಲ್ಲೇ ಬಿಟ್ಟು ದುಡಿದರು. ಹಾಗಾಗಿ ಹೆಣ್ಣುಮಕ್ಕಳಿಗೆ ಆ ಅಡುಗೆಮನೆಯ ಪರಿಚಯವೇ ಆಗಲಿಲ್ಲ. ಪಾಠಕ್ ಮತ್ತು ರಸ್ ಇಬ್ಬರದೂ ಇಡೀ ಸಂಸಾರ ಒಟ್ಟಿಗೆ ವಲಸೆ ಬಂದ ಅಥವಾ ಬಂದಲ್ಲಿ ಬೆಳೆದ ಕತೆ. ಹೆಂಡತಿ, ಮಕ್ಕಳು ಎಲ್ಲರೂ ಕೈ ಹಾಕಿದ್ದು.

ಈ ಕೈ ಹಾಕಿದ ಲೆಕ್ಕ ಎಲ್ಲಿದೆ ಅಂತ ನಾನು ಹುಡುಕುತ್ತೇನೆ. ಮನೆಮಂದಿ ನಡೆಸುವ ಅಂಗಡಿಯ ಖಾತೆ ಪುಸ್ತಕ ತೆಗೆದು ನೋಡಿ. ಬಾಡಿಗೆ ಇರುತ್ತದೆ, ಗ್ಯಾಸ್ ಇರುತ್ತದೆ, ಕೆಲಸದವರ ಸಂಬಳ ಇರುತ್ತದೆ. ಹೆಂಡತಿಯ ಸಂಬಳ ಇರುವುದಿಲ್ಲ. ಮಗಳು ಕಾಲೇಜು ಮುಗಿಸಿ ಬಂದು ಬಿಲ್ ಬರೆದದ್ದು ಇರುವುದಿಲ್ಲ. ಆ ದುಡ್ಡು ಉಳಿದದ್ದರಿಂದಲೇ ಎಷ್ಟೋ ಅಂಗಡಿಗಳು ಮೊದಲ ಕೆಲವು ವರ್ಷ ಮುಳುಗದೆ ನಿಂತಿವೆ. ಸಂಬಳ ಕೊಡದೆ ಮಾಡಿಸಿದ ಕೆಲಸ ಅಂದರೆ ಅವರು ಹಾಕಿದ ಬಂಡವಾಳ ಅಂತಲೇ ಅರ್ಥ. ಬಂಡವಾಳ ಹಾಕಿದವರಿಗೆ ಪಾಲು ಬರಬೇಕು. ಇದು ಹೆಣ್ಣಿನ ಪರ ಮಾತಲ್ಲ, ಮೊದಲ ವರ್ಷದ ಬಿ.ಕಾಂ. ಪಾಠ.

ಇನ್ನು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: "ಮೇಡಂ, ಹೊರಗಿನ ಉದಾಹರಣೆಯೇ ಯಾಕೆ? ಬೆಂಗಳೂರಿನ ಎಂಟಿಆರ್ ಇಲ್ಲವಾ?"

ಇದೆ ಸರ್, ಒಳ್ಳೆಯ ಉದಾಹರಣೆ. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಬಂತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಹೋಟೆಲ್ ಮುಚ್ಚಿ ಪುಡಿ, ಮಿಕ್ಸ್ ಮಾರಾಟಕ್ಕೆ ಇಳಿದರು. ಪಾಠಕರ ಪೇಸ್ಟಿನ ಹಾಗೆ ಇಲ್ಲೂ ಕಷ್ಟಕಾಲದಲ್ಲೇ ಡಬ್ಬಿ ವ್ಯಾಪಾರ ಹುಟ್ಟಿತು ನೋಡಿ. ಮುಂದೆ ಮನೆಯೊಳಗೆ ಪಾಲಾಗಿ ಪ್ಯಾಕೆಟ್ ಕಂಪನಿ ಬೇರೆ, ಹೋಟೆಲ್ ಬೇರೆ ಆಯಿತು. ಪ್ಯಾಕೆಟ್ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಪಟಾಕ್ಸ್ ಮಾರಾಟವಾದ ವರ್ಷವೇ! ಹೋಟೆಲ್ ಮಾತ್ರ ಕುಟುಂಬದಲ್ಲೇ ಇದೆ. ಹರಿಶ್ಚಂದ್ರ ಮಯ್ಯರು ತೀರಿಕೊಂಡ ಮೇಲೆ ಮಗಳು ಹೇಮಮಾಲಿನಿ ಮಯ್ಯ ಮುಂದೆ ನಿಂತರು, ತಮ್ಮಂದಿರು ಜೊತೆಯಾದರು. ಸಿಂಗಪುರ, ದುಬೈ, ಲಂಡನ್ನಿಗೂ ಹೋದದ್ದು ಇವರ ಕಾಲದಲ್ಲಿ. ಮಗಳು ನಡೆಸಿದರೆ ಅಂಗಡಿ ಉಳಿಯುತ್ತಾ ಅಂತ ಯಾರಾದರೂ ಕೇಳಿದರೆ ಲಾಲ್‌ಬಾಗ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಸರದಿಯಲ್ಲಿ ನಿಲ್ಲಿ ಅಂತ ಹೇಳಿ.

ಇನ್ನೊಬ್ಬರು: "ಎಲ್ಲರಿಗೂ ಪಾಲು ಕೊಟ್ಟರೆ ಅಂಗಡಿ ಚೂರುಚೂರು ಆಗಲ್ವಾ?"

ಆ ಭಯ ಸುಳ್ಳಲ್ಲ. ಆದರೆ ಪಾಲು ಕೊಡದೆ ಇದ್ದಾಗಲೂ ಜಗಳ ತಪ್ಪಲಿಲ್ಲ, ಲಂಡನ್ನಿನಲ್ಲಿ ನೋಡಿದೆವಲ್ಲ. ಪಾಲು ಬೇರೆ, ಆಡಳಿತ ಬೇರೆ. ನಾಲ್ಕು ಜನಕ್ಕೆ ಪಾಲಿರಬಹುದು, ಅಂಗಡಿ ನಡೆಸುವವರು ಇಬ್ಬರೇ ಇರಬಹುದು.

ಕೊನೆಗೆ ಒಬ್ಬ ಹುಡುಗಿ ಕೇಳಿದಳು. ಅವರದು ಮೈಸೂರಿನಲ್ಲಿ ಮೆಸ್ಸು. "ನನಗೆ ಮೆಸ್ಸು ನಡೆಸಲು ಇಷ್ಟವಿಲ್ಲ, ನಾನು ಬೇರೆ ಕೆಲಸ ಮಾಡುತ್ತೇನೆ. ಆದರೆ ಪಾಲು ಬೇಕು. ಅಣ್ಣ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದುಡಿಯುತ್ತಾನೆ. ನಾನು ಕೇಳುವುದು ಸ್ವಾರ್ಥವಾ?"

ಸ್ವಾರ್ಥ ಅಲ್ಲಮ್ಮ. ಎರಡು ಲೆಕ್ಕ ಸೇರಿಸಿಬಿಟ್ಟಿದ್ದೀರಿ ಅಷ್ಟೇ. ನಾಲ್ಕಕ್ಕೆ ಏಳುವವನಿಗೆ ಮೊದಲು ಸಂಬಳ ಬರೆಯಿರಿ. ಹೊರಗಿನವರನ್ನು ಇಟ್ಟರೆ ಎಷ್ಟು ಕೊಡುತ್ತಿದ್ದಿರೋ ಅಷ್ಟು, ಬೇಕಾದರೆ ಸ್ವಲ್ಪ ಜಾಸ್ತಿಯೇ. ಅಮ್ಮ ಇನ್ನೂ ಸಾಂಬಾರಿನ ಪುಡಿ ಮಾಡಿಕೊಡುತ್ತಿದ್ದರೆ ಅವರಿಗೂ ಬರೆಯಿರಿ. ಅದೆಲ್ಲ ಕಳೆದ ಮೇಲೆ ಉಳಿದ ಲಾಭವನ್ನು ಪಾಲಿನ ಪ್ರಕಾರ ಹಂಚಿ. ಅಣ್ಣನಿಗೆ ಪೂರ್ತಿ ಬೇಕು ಅಂದರೆ ಹೊರಗಿನ ಆಡಿಟರಿಂದ ಬೆಲೆ ಕಟ್ಟಿಸಿ, ಕಂತಿನಲ್ಲಿ ನಿಮ್ಮ ಪಾಲು ಕೊಂಡುಕೊಳ್ಳಲಿ. ಸಂಬಂಧಿಕರ ಆಡಿಟರ್ ಬೇಡ. ಅಪ್ಪ-ಅಮ್ಮ ಇಬ್ಬರೂ ಗಟ್ಟಿಯಾಗಿರುವಾಗಲೇ ಬರೆಸಿ, ರಿಜಿಸ್ಟರ್ ಮಾಡಿಸಿ.